ಮಗ ಮನೆಯಲ್ಲೇ ಕಟ್ಟಿದ ಕಾರು

ಧಾರವಾಡದ ಕಡೆಯ ತಾಯಿಯೊಬ್ಬರು ನಮಗೆ ಎರಡು ಪುಟಗಳ ಪತ್ರವೊಂದನ್ನು ಬರೆದಿದ್ದರು. ಅವರ ಮಗ ಹಲವು ವರ್ಷಗಳಿಂದ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಉದ್ಯೋಗದಲ್ಲಿದ್ದಾನೆ. ಒಳ್ಳೆಯ ಸಂಬಳ, ಸ್ವಂತ ಮನೆ, ಓಡಾಟಕ್ಕೊಂದು ಕಾರು ಎಲ್ಲವೂ ಇವೆ. ಆದರೂ ನಾಲ್ಕು ವರ್ಷಗಳಿಂದ ಶನಿವಾರ, ಭಾನುವಾರ ಬಂತೆಂದರೆ ಆತ ಗ್ಯಾರೇಜನ್ನು ಹೊಕ್ಕು, ಕಬ್ಬಿಣ ಕೊಯ್ಯುತ್ತ, ಬೆಸುಗೆ ಹಾಕುತ್ತ, 1932ರ ಕಾರಿನ ಮಾದರಿಯಲ್ಲಿ ತಾನೇ ಒಂದು ಕಾರನ್ನು ಕಟ್ಟುತ್ತಿದ್ದಾನೆ. ಅದಕ್ಕೆ ಮೇಲ್ಛಾವಣಿಯಿಲ್ಲ, ಪಕ್ಕದ ಗಾಜುಗಳಿಲ್ಲ, ಎಂಜಿನ್ನಿನ ಮೇಲೆ ಮುಚ್ಚಳವೂ ಇಲ್ಲವಂತೆ. ಬೇಸಗೆಗೆ ಅವ್ವ ಬಂದಾಗ ಅದರಲ್ಲಿ ಮೊದಲು ಕೂರಬೇಕಾದವಳು ಅವಳೇ ಎಂಬುದು ಮಗನ ಹಟ. “ಇದು ಹುಚ್ಚೋ ವಿದ್ಯೆಯೋ ನನಗೆ ತಿಳಿಯದು. ನಾನು ಅದರಲ್ಲಿ ಕೂರಬಹುದೇ, ಅಷ್ಟು ಹೇಳಿರಿ” ಎಂದು ತಾಯಿಯವರು ಕೇಳಿದ್ದರು.

ನಾವು ಯಂತ್ರಶಾಸ್ತ್ರವನ್ನು ಕಲಿತವರಲ್ಲ. ಆದರೂ ತಾಯಿಯೊಬ್ಬರು ಕೇಳಿದ ಪ್ರಶ್ನೆಯನ್ನು ತೇಲಿಸಿ ಬಿಡುವುದು ತರವಲ್ಲವೆಂದು, ತಿಳಿದವರನ್ನು ಕೇಳಿ, ಓದಿ, ಈ ಉತ್ತರವನ್ನು ಬರೆದೆವು. ಪರದೇಶದಲ್ಲಿ ಮಕ್ಕಳಿರುವ ಬೇರೆ ಮನೆಗಳಿಗೂ ಉಪಯೋಗವಾದೀತೆಂದು ಅದನ್ನು ಇಲ್ಲಿ ಕೊಡುತ್ತಿದ್ದೇವೆ.

ಹಳೆಯ ಕಾರಿನ ಭಾರವನ್ನು ಇಳಿಸಿ, ಎಂಜಿನ್ನಿನ ಬಲವನ್ನು ಏರಿಸಿ ಮಾಡಿದ ವಾಹನವನ್ನು ಅಲ್ಲಿ ‘ಹಾಟ್ ರಾಡ್’ ಎನ್ನುತ್ತಾರೆ. ಮೇಲ್ಛಾವಣಿಯಿಲ್ಲದೆ ಇಬ್ಬರು ಕೂರುವ ಕಾರಿಗೆ ‘ರೋಡ್‌ಸ್ಟರ್’ ಎಂದು ಹೆಸರು. ಇದರ ಹುಟ್ಟು ಬಡತನದಲ್ಲಿದೆ. ಫೋರ್ಡ್ ಕಂಪನಿಯು 1908ರಿಂದ 1927ರವರೆಗೆ ‘ಮಾಡೆಲ್ ಟಿ’ ಎಂಬ ಕಾರನ್ನು ಒಂದೂವರೆ ಕೋಟಿಗೂ ಮಿಕ್ಕಿ ತಯಾರಿಸಿತ್ತು. 1930ರ ದಶಕದ ಹೊತ್ತಿಗೆ ಅವು ಹಳೆಯ ಸಾಮಾನಿನ ಅಂಗಳಗಳಲ್ಲಿ ಅಗ್ಗಕ್ಕೆ ಸಿಗುತ್ತಿದ್ದವು. 1932ರಲ್ಲಿ ಅದೇ ಕಂಪನಿಯು ಎಂಟು ಸಿಲಿಂಡರುಗಳ, 65 ಅಶ್ವಶಕ್ತಿಯ ವಿ-8 ಎಂಜಿನ್ನನ್ನು ಸಾಮಾನ್ಯರ ಕೈಗೆಟುಕುವ ಬೆಲೆಯ ಕಾರಿನಲ್ಲಿ ಇರಿಸಿತು. ಅಲ್ಲಿಯವರೆಗೆ ಎಂಟು ಸಿಲಿಂಡರಿನ ಎಂಜಿನ್ ಹೆಚ್ಚಾಗಿ ಉಳ್ಳವರ ಸೊತ್ತು. ಕಾಸಿಲ್ಲದ ಹುಡುಗರು ಹಗುರವಾದ ರೋಡ್‌ಸ್ಟರುಗಳನ್ನು ಕೊಂಡು, ಮಡ್‌ಗಾರ್ಡು ಕಳಚಿ, ದೀಪ ಕಳಚಿ, ಮೊಹಾವೆ ಮರುಭೂಮಿಯ ಮುರೋಕ್ ಎಂಬ ಒಣಕೆರೆಗೆ ಓಡಿಸಿಕೊಂಡು ಹೋಗುತ್ತಿದ್ದರು. ಬೇಸಗೆಯಲ್ಲಿ ಅದರ ತಳ ಸಾರಿಸಿದ ಅಂಗಳದಂತೆ ಸಪಾಟು, ಗಟ್ಟಿ.

ಅಲ್ಲಿ ಮೊದಮೊದಲು ಹಲವು ಕಾರುಗಳು ಸಾಲಾಗಿ ನಿಂತು ಒಟ್ಟಿಗೆ ಓಡುತ್ತಿದ್ದವು. ಮುಂದಿನವನು ಎಬ್ಬಿಸಿದ ಧೂಳಿನಲ್ಲಿ ಹಿಂದಿನವನಿಗೆ ಕಣ್ಣು ಕಾಣದು. ಇಂಥ ಓಟಗಳಲ್ಲಿ ಪ್ರಾಣಗಳೂ ಹೋದವು. 1937ರಲ್ಲಿ ಹಲವು ಸಂಘಗಳು ಕೂಡಿ ದಕ್ಷಿಣ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಕಟ್ಟಿಕೊಂಡವು. ಕಾಲಾಂತರದಲ್ಲಿ ಒಂದು ಹೊತ್ತಿಗೆ ಒಂದೇ ಕಾರು ಓಡುವುದೂ, ಓಡುವ ಮುನ್ನ ಪ್ರತಿಯೊಂದು ಕಾರನ್ನೂ ಬೇರೆಯವರು ಪರೀಕ್ಷಿಸುವುದೂ ಕ್ರಮವಾಯಿತು. ಯುದ್ಧಾನಂತರ ಮುರೋಕ್ ವಾಯುಪಡೆಯ ನೆಲೆಯಾಗಿ ಉಳಿಯಲು ಓಟಗಳು ಎಲ್ ಮಿರಾಜ್ ಎಂಬ ಇನ್ನೊಂದು ಒಣಕೆರೆಗೂ, 1949ರಿಂದ ಯೂಟಾ ರಾಜ್ಯದ ಬಾನ್‌ವಿಲ್ ಉಪ್ಪುಬಯಲಿಗೂ ಹರಡಿದವು. ಊರುಗಳ ಬೀದಿಗಳಲ್ಲಿ ಪಂದ್ಯ ಕಟ್ಟಿ ಓಡಿಸುವ ತರುಣರು ಪೊಲೀಸರಿಗೂ ಪತ್ರಿಕೆಗಳಿಗೂ ತಲೆನೋವಾದಾಗ, ‘ಹಾಟ್ ರಾಡ್’ ಮಾಸಪತ್ರಿಕೆಯ ಸಂಪಾದಕರಾಗಿದ್ದ ವಾಲಿ ಪಾರ್ಕ್ಸ್ ಎಂಬವರು 1951ರಲ್ಲಿ ರಾಷ್ಟ್ರಮಟ್ಟದ ಸಂಘವೊಂದನ್ನು ಸ್ಥಾಪಿಸಿ, ಹುಡುಗರನ್ನು ಬೀದಿಯಿಂದ ಕಾವಲಿರುವ ಪಥಕ್ಕೆ ಕರೆತರಲು ಶ್ರಮಿಸಿದರು. ವೇಗದ ಹುಚ್ಚಿನವರು ಎಂದು ಹೆಸರಾದ ಜನವೇ ತಮ್ಮ ಕೈಕೆಲಸವನ್ನು ಪರರ ಕಣ್ಣಿಗೆ ಒಪ್ಪಿಸುವ ಪದ್ಧತಿಯನ್ನು ಮಾಡಿಕೊಂಡರಲ್ಲ, ಅದು ನಮಗೆ ಬಹಳ ಹಿಡಿಸಿತು.

ಇನ್ನು ಕಟ್ಟುವ ಬಗೆ. 1932ರ ಅಸಲಿ ಮೈಗಳು ಈಗ ಅಪರೂಪವಾದುದರಿಂದ, ಫೈಬರ್ ಗ್ಲಾಸಿನಲ್ಲಿ ಎರಕ ಹೊಯ್ದ ಅಥವಾ ಉಕ್ಕಿನ ತಗಡಿನಲ್ಲಿ ಹೊಸದಾಗಿ ಅಚ್ಚೊತ್ತಿದ ಮೈಯನ್ನು ಕೊಂಡು ತರುತ್ತಾರೆ. ಕೆಳಗಿನ ಚಾಸಿಯನ್ನು ಮಾತ್ರ ಅನೇಕರು ತಾವೇ ಕಟ್ಟುತ್ತಾರೆ. ಎರಡಂಗುಲ ಅಗಲ, ನಾಲ್ಕಂಗುಲ ಎತ್ತರದ ಚೌಕ ಕೊಳವೆಗಳನ್ನು ಸಮಮಟ್ಟದ ಮೇಜಿಗೆ ಬಿಗಿದು, ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದು, ಎರಡು ಅಳತೆಗಳೂ ಒಂದೇ ಬರುವವರೆಗೆ ಸರಿಪಡಿಸಬೇಕು. ಆಮೇಲೆ ಬೆಸುಗೆ. ನಮ್ಮ ಊರುಗಳಲ್ಲಿ ಚಕ್ಕಡಿಯ ಗಾಲಿಗೆ ಹಳಿ ಹಾಕುವುದನ್ನು ಹಿರಿಯರು ಕಂಡಿರುತ್ತಾರೆ. ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾದ ಹಳಿಯನ್ನು ಗಾಲಿಗೆ ತೊಡಿಸಿ ನೀರು ಹೊಯ್ದರೆ, ಆರಿದ ಕಬ್ಬಿಣ ಕುಗ್ಗಿ ಕಟ್ಟಿಗೆಯನ್ನು ಕಚ್ಚಿ ಹಿಡಿಯುತ್ತದೆ. ಅಲ್ಲಿ ನಮಗೆ ನೆರವಾದ ಆ ಕುಗ್ಗುವ ಗುಣವೇ ಇಲ್ಲಿ ವೈರಿ. ಒಂದೇ ಕಡೆಯಿಂದ ಉದ್ದಕ್ಕೂ ಬೆಸೆಯುತ್ತ ಹೋದರೆ ಚಾಸಿ ಬಿಲ್ಲಿನಂತೆ ಬಾಗಿಬಿಡುತ್ತದೆ. ಆದ್ದರಿಂದ ಮೊದಲು ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿ, ಬಳಿಕ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಆರಲು ಬಿಟ್ಟು ಬಿಟ್ಟು ಮುಗಿಸಬೇಕು. ಆ ಹುಡುಗನಿಗೆ ನಾಲ್ಕು ವರ್ಷ ಹಿಡಿದುದು ನಮಗೇನೂ ಆಶ್ಚರ್ಯವೆನಿಸಲಿಲ್ಲ.

ಮುಂದಿನ ಚಕ್ರಗಳೆರಡನ್ನೂ ಹಳೆಯ ಫೋರ್ಡಿನ ಪದ್ಧತಿಯಂತೆ ಒಂದೇ ಇಡಿಯ ಅಚ್ಚು ಹೊರುತ್ತದೆ. ಅದರ ಮೇಲೆ ಅಡ್ಡಲಾಗಿ ಒಂದೇ ಕಮಾನುಪಟ್ಟಿ. ಸೈಕಲ್ಲಿನ ಮುಂದಿನ ಕವೆಯು ಮೇಲ್ತುದಿಯಲ್ಲಿ ಹಿಂದಕ್ಕೆ ಓರೆಯಾಗಿರುವಂತೆ, ಇಲ್ಲಿಯೂ ಚಕ್ರ ತಿರುಗುವ ಮೊಳೆಯನ್ನು ಸುಮಾರು ಐದರಿಂದ ಏಳು ಡಿಗ್ರಿಗಳಷ್ಟು ಹಿಂದಕ್ಕೆ ವಾಲಿಸುತ್ತಾರೆ. ಕಾರು ತಾನಾಗಿ ನೇರಕ್ಕೆ ಬರುವುದು ಈ ಓರೆಯಿಂದ. ಎಂಜಿನ್ನಿನ ವಿಷಯದಲ್ಲಿ ಹಳಬರಿಗೆ ಹಳೆಯ ಫೋರ್ಡ್ ವಿ-8ರ ಮೇಲೆಯೇ ಮೋಹ. ಸುಟ್ಟ ಹೊಗೆಯ ದಾರಿ ಎಂಜಿನ್ನಿನ ಒಡಲೊಳಗಿಂದಲೇ ಹಾದು ಹೋಗುವುದರಿಂದ ಅದು ಬೇಗ ಬಿಸಿಯಾಗುತ್ತದೆ. 1955ರಲ್ಲಿ ಬಂದ ಷೆವರ್ಲೆ ಕಂಪನಿಯ ವಿ-8 ಅನೇಕರ ಚಾಸಿಗಳಲ್ಲಿ ಅದರ ಸ್ಥಾನವನ್ನು ಆಕ್ರಮಿಸಿತು. ಮಗ ಯಾವುದನ್ನು ಇರಿಸಿದ್ದಾನೆಂದು ತಾಯಿಯವರು ಬರೆದಿರಲಿಲ್ಲ. ಎರಡೂ ಅವರಿಗೆ ಒಂದೇ.

ಅವರಿಗೆ ಮುಖ್ಯವಾದುದು ಬ್ರೇಕು. ಫೋರ್ಡ್ ಕಾರುಗಳಲ್ಲಿ 1938ರವರೆಗೆ ಬ್ರೇಕುಗಳನ್ನು ಕಬ್ಬಿಣದ ಸಲಾಕೆಗಳು ಅಥವಾ ಕೇಬಲುಗಳು ಎಳೆಯುತ್ತಿದ್ದವು. 1939ರಲ್ಲಿ ಎಣ್ಣೆಯ ಒತ್ತಡದ ಬ್ರೇಕು ಬಂದಾಗ ಹಾಟ್ ರಾಡಿನ ಹುಡುಗರು ಅದನ್ನು ಕಳಚಿ ತಂದು ತಮ್ಮ ಹಳೆಯ ಕಾರುಗಳಿಗೆ ಜೋಡಿಸತೊಡಗಿದರು. ಬಲವನ್ನು ಏರಿಸಿದವನಿಗೆ ನಿಲ್ಲಿಸುವುದೂ ಬೇಕೆಂದು ಅವರಿಗೆ ಬೇಗ ತಿಳಿಯಿತು. ಇಂಥ ಕಾರಿನಲ್ಲಿ ಬ್ರೇಕಿನ ಮಾಸ್ಟರ್ ಸಿಲಿಂಡರ್ ಸಾಮಾನ್ಯವಾಗಿ ನೆಲಹಲಗೆಯ ಕೆಳಗೆ, ಚಕ್ರಗಳ ಬ್ರೇಕಿಗಿಂತ ತಗ್ಗಿನಲ್ಲಿ ಇರುತ್ತದೆ. ಹಾಗಿದ್ದಾಗ ಎಣ್ಣೆ ಹಿಂದಕ್ಕೆ ಇಳಿದು ಬಂದು, ಮೊದಲ ಸಲ ತುಳಿದಾಗ ಪೆಡಲ್ ಆಳಕ್ಕೆ ಹೋಗಿಬಿಡಬಹುದು. ಇದನ್ನು ತಡೆಯಲು ಕೊಳವೆಯ ನಡುವೆ ಒಂದು ಚಿಕ್ಕ ಕವಾಟವನ್ನು ಇಡುತ್ತಾರೆ. ಅದು ಡಿಸ್ಕ್ ಬ್ರೇಕಿಗೆ ಚದರಂಗುಲಕ್ಕೆ 2 ಪೌಂಡು, ಡ್ರಮ್ ಬ್ರೇಕಿಗೆ 10 ಪೌಂಡು ಒತ್ತಡವನ್ನು ಹಿಡಿದಿಡುತ್ತದೆ. ಬ್ರೇಕಿನ ಕೊಳವೆಗಳು ತಾಮ್ರದವು ಆಗಕೂಡದು. ಸತತ ಅದುರಿಗೆ ತಾಮ್ರ ಸೀಳುತ್ತದೆ. ಸೀಟಿನ ಬೆಲ್ಟನ್ನು ಫೈಬರ್ ಗ್ಲಾಸಿನ ಮೈಗೆ ಬಿಗಿಯದೆ ಉಕ್ಕಿಗೇ ಬಿಗಿಯಬೇಕು. ಕಂಪನಿಯ ಕಾರಿನಲ್ಲಿ ಇವನ್ನೆಲ್ಲ ನಮ್ಮ ಪರವಾಗಿ ಯಾರೋ ಯೋಚಿಸಿರುತ್ತಾರೆ. ಇಲ್ಲಿ ಮರೆತರೆ ಮರೆತವನು ಮಗನೇ, ಕೂತವಳು ತಾಯಿಯೇ.

ಮನೆಗೆ ಅಂಟಿದ ಗ್ಯಾರೇಜಿನ ಬಗ್ಗೆಯೂ ಒಂದು ಮಾತು ಬರೆದೆವು. ಬ್ರೇಕನ್ನು ತೊಳೆಯುವ ಕ್ಲೋರಿನ್ ಕೂಡಿದ ದ್ರವದ ಹಸಿ ಆರುವ ಮುನ್ನ ಅಲ್ಲಿ ಬೆಸುಗೆ ಹಾಕಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಮೊಮ್ಮಕ್ಕಳಿರುವ ಮನೆಯಲ್ಲಿ ಈ ಎಚ್ಚರಿಕೆ ಇರಲೇಬೇಕು.

ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಾರಿಗೆ ಕಾನೂನಿನ ದಾರಿಯಿದೆ. ಹೆದ್ದಾರಿ ಪೊಲೀಸರು ಪರಿಶೀಲಿಸಿ ಸಂಖ್ಯೆಯನ್ನು ಕೊಡುತ್ತಾರೆ. ಹೊಗೆಯ ನಿಯಮದಿಂದ ವಿಶೇಷ ವಿನಾಯಿತಿಯ ಪತ್ರಗಳು ವರ್ಷಕ್ಕೆ 500 ಮಾತ್ರ. ಇದನ್ನೋದಿ ನಮ್ಮ ಊರಿನ ಹುಡುಗರು ಹಳೆಯ ಜೀಪನ್ನು ಕೊಯ್ಯಲು ಕೂರಬಾರದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರು ಕೊಟ್ಟ ರೂಪಕ್ಕೆ ವಿರುದ್ಧವಾದ ಬದಲಾವಣೆಗಳನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿ ಹಿಡಿದಿದೆ.

ತಾಯಿಯವರಿಗೆ ನಾವು ಕೊನೆಯಲ್ಲಿ ಬರೆದುದಿಷ್ಟು: “ಕೂರಿರಿ, ಆದರೆ ಮೊದಲು ಕೂರಬೇಡಿರಿ. ಕಾರನ್ನು ಕಟ್ಟದೆ ಇರುವ ಒಬ್ಬ ತಿಳಿದವರಿಗೆ ಅದನ್ನು ತೋರಿಸಲು ಮಗನಿಗೆ ಹೇಳಿರಿ. ಅದಾದ ಮೇಲೆ ಅವನೊಬ್ಬನೇ ನೂರು ಮೈಲಿ ನಿಧಾನವಾಗಿ ಓಡಿಸಿ, ಮನೆಗೆ ತಂದು, ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ನೋಡಲಿ.”

ಕಳೆದ ವಾರ ಅವರ ಎರಡನೆಯ ಪತ್ರ ಬಂದಿತು. ಮಗನಿಗೆ ಮೊದಲು ಸಿಟ್ಟು ಬಂತಂತೆ. ನಾಲ್ಕು ವರ್ಷದ ಕೆಲಸವನ್ನು ಅವ್ವ ನಂಬಲಿಲ್ಲವೆಂದು. ಆದರೂ ಅದೇ ಬೀದಿಯ ನಿವೃತ್ತ ಮೆಕ್ಯಾನಿಕ್ ಒಬ್ಬರನ್ನು ಕರೆದು ತೋರಿಸಿದನು. ಆ ವೃದ್ಧರು ಅರ್ಧ ದಿನ ಕಾರಿನ ಕೆಳಗೆ ಮಲಗಿದ್ದು, ಬೆಸುಗೆಗಳನ್ನು ಮೆಚ್ಚಿ, ಸ್ಟೀರಿಂಗಿನ ಕೀಲೊಂದರ ನಟ್ಟಿಗೆ ಸ್ಪ್ಲಿಟ್ ಪಿನ್ ಇಲ್ಲದಿರುವುದನ್ನು ತೋರಿಸಿದರಂತೆ. ಕೆಲವು ಪೈಸೆಗಳ ಬೆಲೆಯ ತಂತಿಯ ತುಂಡು. ಅದಿಲ್ಲದೆ ನಟ್ಟು ಸಡಿಲವಾದರೆ ಚಕ್ರ ತನ್ನಿಚ್ಛೆಯಂತೆ ಹೋಗುತ್ತದೆ. ಮಗ ಎರಡು ದಿನ ಫೋನು ಮಾಡಲಿಲ್ಲ. ಮೂರನೆಯ ದಿನ ತಾನಾಗಿಯೇ ಎಲ್ಲವನ್ನೂ ಹೇಳಿದನು.

“ಟಿಕೆಟ್ಟು ಬಂದಿದೆ. ಈಗ ನಾನು ಅದರಲ್ಲಿ ಕೂರುತ್ತೇನೆ” ಎಂದು ತಾಯಿಯವರು ಬರೆದಿದ್ದಾರೆ. ಗಾಳಿಗೆ ಸೆರಗು ಹಾರದಂತೆ ಏನು ಮಾಡಬೇಕೆಂದು ಪತ್ರದ ಅಂಚಿನಲ್ಲಿ ಕೇಳಿದ್ದಾರೆ. ಆ ವಿಷಯದಲ್ಲಿ ನಮ್ಮ ಓದುಗ ತಾಯಂದಿರೇ ಸಲಹೆ ಕೊಡಬೇಕು.