ಜೋಳಿಗೆಯಿಂದ ಎದ್ದ ಹೈಸ್ಕೂಲು

ಹಿರಿಯೂರಿನಿಂದ ಹೊಸದುರ್ಗದ ದಾರಿ ಹಿಡಿದು ಮುಂದೆ ಹೊಳಲ್ಕೆರೆಯತ್ತ ಸಾಗುವ ಪ್ರಯಾಣಿಕನಿಗೆ ಮೊದಲು ಹೊಳೆಯುವುದು ನೀರಿನ ಮಾತು. ಎಂದರೆ, ನೀರಿನ ಅಭಾವದ ಮಾತು. ಹಿರಿಯೂರಿನ ಸಮೀಪದಲ್ಲಿ ವೇದಾವತಿಗೆ ಅಡ್ಡಲಾಗಿ, ಎರಡು ಗುಡ್ಡಗಳ ನಡುವೆ ಕಟ್ಟಿದ ವಾಣಿವಿಲಾಸ ಸಾಗರವಿದೆ. ಸುತ್ತಣ ಹಳ್ಳಿಗರ ಬಾಯಲ್ಲಿ ಅದು ಇಂದಿಗೂ ಮಾರಿಕಣಿವೆಯೇ. ಮೈಸೂರು ಸರ್ಕಾರ 1898ರಲ್ಲಿ ಕೈಗೊಂಡ ಆ ಕೆಲಸ 1907ರಲ್ಲಿ ಮುಗಿಯಿತು. 1933ರಲ್ಲೊಮ್ಮೆ ಕೋಡಿ ಬಿದ್ದ ಸಾಗರ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಎಂಬತ್ತೊಂಬತ್ತು ವರ್ಷ! ಇಂತಹ ಸೀಮೆಯಲ್ಲಿ ಒಕ್ಕಲಿಗನೊಬ್ಬ ತನ್ನ ಮಗನನ್ನು ಹೈಸ್ಕೂಲಿಗೆ ಕಳುಹಿಸುತ್ತಾನೆಂದರೆ ಹೊಲದ ಕೆಲಸಕ್ಕೆ ಒಂದು ಆಳು ಕಡಿಮೆಯಾಯಿತೆಂದೇ ಅರ್ಥ.

ಕಳುಹಿಸುವುದಾದರೂ ಎಲ್ಲಿಗೆ? ಸ್ವಾತಂತ್ರ್ಯಕ್ಕೆ ಮುಂಚಿನ ದಿನಗಳಲ್ಲಿ ಹೈಸ್ಕೂಲೆಂಬುದು ಪಟ್ಟಣದ ಸೊತ್ತು. ಹಳ್ಳಿಯ ಹುಡುಗ ಗಂಟುಮೂಟೆ ಕಟ್ಟಿಕೊಂಡು ಪಟ್ಟಣ ಸೇರಿ, ಯಾರದೋ ಮನೆಯ ಜಗುಲಿಯ ಮೇಲೆ ಮಲಗಿ, ವಾರಾನ್ನದಿಂದ ಹೊಟ್ಟೆ ಹೊರೆಯಬೇಕಾಗಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಏಳರಲ್ಲಿ ಒಂದು ಮನೆ ತಪ್ಪಿದರೆ ಆ ದಿನ ಏಕಾದಶಿ. ವಾರಾನ್ನದ ಔದಾರ್ಯವನ್ನು ಹಿರಿಯರು ಕಣ್ಣೀರು ತುಂಬಿ ಕೊಂಡಾಡುವುದುಂಟು, ಅದು ನ್ಯಾಯವೇ. ಆದರೆ ಆ ಔದಾರ್ಯಕ್ಕೂ ಒಂದು ಹೊಸ್ತಿಲಿತ್ತು, ಅದನ್ನು ದಾಟುವ ಅಧಿಕಾರ ಎಲ್ಲ ಜಾತಿಯ ಹುಡುಗರಿಗೂ ಇರಲಿಲ್ಲವೆಂಬುದನ್ನು ಮರೆಯಲಾಗದು. ಹೆಣ್ಣುಮಕ್ಕಳ ಮಾತಂತೂ ಅನೇಕ ಮನೆಗಳಲ್ಲಿ ಏಳುತ್ತಲೇ ಇರಲಿಲ್ಲ.

ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯ ಕಥೆಗೆ ಬೆಲೆ ಬರುವುದು ಈ ಹಿನ್ನೆಲೆಯಲ್ಲಿ. ಬಾರಕೂರಿನ ಕಡೆಯಿಂದ ಬಂದ, ಯೋಗ ವ್ಯಾಯಾಮಗಳನ್ನು ಕಲಿಸುತ್ತ ಊರೂರು ಸುತ್ತುತ್ತಿದ್ದ ರಾಘವೇಂದ್ರ ಸ್ವಾಮೀಜಿಯವರು ಆ ಊರಿನಲ್ಲಿ ನೆಲೆನಿಂತು 1943ರಲ್ಲಿ ಅನಾಥ ಸೇವಾಶ್ರಮವನ್ನು ಸ್ಥಾಪಿಸಿದರು. ಅವರಿಗೆ ಹೆಗಲೆಣೆಯಾಗಿ ನಿಂತವರು ಸೂರದಾಸಜೀಯವರು. ಹಿಂದೆ ರಾಜಾಶ್ರಯವಿಲ್ಲ, ಮಾನ್ಯದ ಭೂಮಿಯಿಲ್ಲ, ಶ್ರೀಮಂತ ಮಠದ ಬೊಕ್ಕಸವಿಲ್ಲ. ಇದ್ದುದು ಹೆಗಲ ಮೇಲೊಂದು ಜೋಳಿಗೆ. ಆ ಜೋಳಿಗೆ ಹಿಡಿದು ಸ್ವಾಮಿಗಳು ನಾಡೆಲ್ಲ ತಿರುಗಿದರು. ಕಥೆ ನಾಟಕಗಳನ್ನು ಬರೆದಾಗ ಅವರು ಇಟ್ಟುಕೊಂಡ ಹೆಸರು ಕೂಡ ‘ತಿರುಕ’. ಬೇಡುವ ವೃತ್ತಿಯನ್ನು ಮರೆಮಾಚದೆ ಅದನ್ನೇ ಅಂಕಿತವಾಗಿ ಮಾಡಿಕೊಂಡ ಲೇಖಕರು ಕನ್ನಡದಲ್ಲಿ ಬಹಳ ಮಂದಿ ಇರಲಾರರು.

ಬೇಡಿ ತಂದ ಹಣದಿಂದ ಗುಡಿ ಕಟ್ಟಿದವರು ಈ ನಾಡಿನಲ್ಲಿ ಹೇರಳ. ಗುಡಿ ಒಮ್ಮೆ ಎದ್ದು ನಿಂತರೆ ನಿಂತಿತು, ಶಾಲೆ ಹಾಗಲ್ಲ. ಅದಕ್ಕೆ ತಿಂಗಳು ತಿಂಗಳೂ ಸಂಬಳ ಬೇಕು, ವರ್ಷ ವರ್ಷವೂ ಹಂಚು ಕೈಯಾಡಿಸಬೇಕು, ಹಾಸ್ಟೆಲಿನ ಒಲೆ ಎರಡು ಹೊತ್ತೂ ಉರಿಯಬೇಕು. ಭಿಕ್ಷೆಯಿಂದ ಹೈಸ್ಕೂಲು ನಡೆಸುವುದೆಂದರೆ ತೂತಿರುವ ಕೊಳಗದಲ್ಲಿ ರಾಗಿ ಅಳೆದಂತೆ. ಆದರೂ ಮಲ್ಲಾಡಿಹಳ್ಳಿಯಲ್ಲಿ ಹೈಸ್ಕೂಲು ನಿಂತಿತು. ಅದರ ಜೊತೆಗೆ ಶಿಕ್ಷಕರ ತರಬೇತಿಯ ಸಂಸ್ಥೆಗಳೂ ಆಯುರ್ವೇದ ಕಾಲೇಜೂ ಬೆಳೆದವು. ಸ್ವಾಮಿಗಳು ಸ್ವತಃ ವೈದ್ಯರು. ವಿದ್ಯೆಗೆಂದು ಬಂದ ಹುಡುಗರೂ ಔಷಧಕ್ಕೆಂದು ಬಂದ ರೋಗಿಗಳೂ ಒಂದೇ ಆಶ್ರಮದ ಆವರಣವನ್ನು ಹಂಚಿಕೊಂಡಂತಾಯಿತು. ಪಾಠಪುಸ್ತಕದಲ್ಲಿ ಪೌರನೀತಿಯನ್ನು ಓದುವುದು ಬೇರೆ. ತನ್ನ ತರಗತಿಯ ಗೋಡೆಯಲ್ಲಿ ಗುರುತಿಲ್ಲದ ಸಾವಿರ ಮನೆಗಳ ಕಾಸು ಸೇರಿದೆಯೆಂದು ತಿಳಿದು ಅಲ್ಲಿ ಕೂರುವುದು ಬೇರೆ. ಸಾರ್ವಜನಿಕ ಶಾಲೆ ಎಂಬ ಮಾತನ್ನು ನಾವು ಸರ್ಕಾರಿ ಕಾಗದದ ಅರ್ಥದಲ್ಲಿ ಬಳಸುತ್ತೇವೆ. ಜೋಳಿಗೆಯ ಶಾಲೆಗೆ ಆ ಮಾತು ಇನ್ನೂ ಚೆನ್ನಾಗಿ ಒಪ್ಪುತ್ತದೆ.

ಇಂತಹ ಶಾಲೆಗೆ ಉಪಾಧ್ಯಾಯರು ಎಲ್ಲಿಂದ ಬರುತ್ತಾರೆ? ಒಬ್ಬರ ಉದಾಹರಣೆ ಸಾಕು. ಚನ್ನಗಿರಿ ತಾಲ್ಲೂಕಿನ ಹೋದಿಗೆರೆಯ ತರುಣರೊಬ್ಬರು ಭದ್ರಾವತಿಯಲ್ಲಿ ಯಂತ್ರವಿದ್ಯೆಯ ಡಿಪ್ಲೊಮಾ ಪಡೆದು, ಮಲ್ಲಾಡಿಹಳ್ಳಿಯ ಹೈಸ್ಕೂಲಿಗೆ ಕ್ರಾಫ್ಟ್ ಮೇಷ್ಟರಾಗಿ ಬಂದರು. ಅಂದಿನ ಶಾಲೆಗಳಲ್ಲಿ ಕ್ರಾಫ್ಟ್ ಮೇಷ್ಟರಿಗೂ ಡ್ರಿಲ್ ಮೇಷ್ಟರಿಗೂ ಸಿಗುತ್ತಿದ್ದ ಮರ್ಯಾದೆ ಎಷ್ಟೆಂಬುದು ಆ ಕಾಲದಲ್ಲಿ ಓದಿದವರಿಗೆಲ್ಲ ಗೊತ್ತು: ಗಣಿತದ ಮೇಷ್ಟರು ತಮ್ಮ ಪಾಠ ಮುಗಿಯದಿದ್ದರೆ ಮೊದಲು ಕೈಹಾಕುತ್ತಿದ್ದುದು ಅವರ ಪೀರಿಯಡ್ಡಿಗೆ! ಈ ತರುಣ ಉಪಾಧ್ಯಾಯರು ಹಳ್ಳಿಯಲ್ಲಿದ್ದುಕೊಂಡೇ ಕವಿತೆ ಬರೆದರು. 1968ರಲ್ಲಿ ಅವರ ಮೊದಲ ಕವನಸಂಕಲನ ‘ಪರಿವೃತ್ತ’ ಹೊರಬಂದಿತು. ಮುಂದೆ ಕನ್ನಡದಲ್ಲಿ ಎಂ.ಎ. ಮಾಡಿ ಬೆಂಗಳೂರಿನ ಕಾಲೇಜೊಂದರಲ್ಲಿ ಅಧ್ಯಾಪಕರಾದರು. ಅವರೇ ಎಚ್.ಎಸ್. ವೆಂಕಟೇಶಮೂರ್ತಿಯವರು. ಮಕ್ಕಳ ನಾಟಕಗಳಿಂದ, ‘ಚಿನ್ನಾರಿ ಮುತ್ತ’ ಚಿತ್ರದ ಹಾಡುಗಳಿಂದ ಮನೆಮನೆಗೂ ಪರಿಚಿತರಾದವರು. 2020ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿದವರು. 2025ರಲ್ಲಿ ಅವರು ತೀರಿಕೊಂಡಾಗ ನಾಡು ಕವಿಯನ್ನು ಸ್ಮರಿಸಿತು. ಹಳ್ಳಿಯ ಹೈಸ್ಕೂಲಿನ ಕ್ರಾಫ್ಟ್ ಮೇಷ್ಟರನ್ನು ನೆನೆದವರು ಅಷ್ಟಾಗಿ ಇರಲಾರರು.

ಜೋಳಿಗೆಯ ಮಹಿಮೆಯನ್ನು ಹಾಡುವಾಗ ಅದರ ಭಾರವನ್ನೂ ಹೇಳಬೇಕು. ಒಬ್ಬರ ಹೆಗಲಿನ ಮೇಲೆ ನಿಂತ ಸಂಸ್ಥೆ ಆ ಹೆಗಲು ಬಳಲಿದಾಗ ನಡುಗುತ್ತದೆ. ಶತಾಯುಷಿಗಳಾದ ಸ್ವಾಮೀಜಿಯವರು 1996ರಲ್ಲಿ ಕಾಲವಾದರು. ಅವರಂತೆ ಬೇಡಬಲ್ಲವರು ಮತ್ತೊಬ್ಬರು ಹುಟ್ಟಲಿ ಎಂದು ಹಾರೈಸಿ ಶಾಲೆ ನಡೆಸಲಾಗದು. ಮಕ್ಕಳ ಊಟ ಪುಣ್ಯವಂತರೊಬ್ಬರ ತಿರುಗಾಟವನ್ನು ನೆಚ್ಚಿಕೊಂಡಿರುವುದಕ್ಕಿಂತ ಅವರ ಹಕ್ಕಾಗಿರುವುದು ಮೇಲು. ಕರ್ನಾಟಕದಲ್ಲಿ ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ಕೆಲವು ಜಿಲ್ಲೆಗಳ ಪ್ರಾಥಮಿಕ ಶಾಲೆಗಳಲ್ಲಿ ಆರಂಭವಾಗಿ, ಅನಂತರ ಸರ್ಕಾರಿ ಮತ್ತು ಅನುದಾನಿತ ಹೈಸ್ಕೂಲುಗಳಿಗೂ ಬಂದಿತು. ವಾರಾನ್ನದ ಏಳು ಮನೆಗಳನ್ನು ಎಣಿಸುತ್ತಿದ್ದ ಅಜ್ಜನ ಮೊಮ್ಮಗಳು ಇಂದು ಜಾತಿ ಕೇಳದ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾಳೆ. ಇದು ಸಣ್ಣ ಬದಲಾವಣೆಯಲ್ಲ.

ಆದರೆ ಅನ್ನದ ಚಿಂತೆ ನೀಗಿದ ಹೊತ್ತಿನಲ್ಲೇ ಬೇರೊಂದು ಚಿಂತೆ ಹಳ್ಳಿಗಳಿಗೆ ಬಂದಿದೆ. ಬೆಳಗ್ಗೆ ಏಳೂವರೆಗೆ ಹಳದಿ ಬಸ್ಸೊಂದು ಊರ ಮುಂದೆ ನಿಂತು, ಅನುಕೂಲಸ್ಥರ ಮಕ್ಕಳನ್ನು ಪಟ್ಟಣದ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಒಯ್ಯುತ್ತದೆ. ತಂದೆತಾಯಿಗಳನ್ನು ದೂರಿ ಫಲವಿಲ್ಲ. ಅಂದು ಹೊಲ ಬಿಡಿಸಿ ಮಗನನ್ನು ಓದಿಗೆ ಕಳುಹಿಸಿದ ಆಸೆಯೇ ಇಂದು ಬಸ್ಸಿನ ಬಾಡಿಗೆ ಕಟ್ಟಿಸುತ್ತಿದೆ. ಆದರೆ ಊರಿನ ಪಟೇಲರ ಮಗನೂ ಕೂಲಿಯವನ ಮಗನೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ದಿನಗಳಲ್ಲಿ ಶಾಲೆಯ ಸೂರು ಸೋರಿದರೆ ಊರೇ ಮಾತನಾಡುತ್ತಿತ್ತು. ಮಾತನಾಡಬಲ್ಲವರ ಮಕ್ಕಳು ಬಸ್ಸು ಹತ್ತಿದ ಮೇಲೆ ಕೇಳುವವರು ಯಾರು? ನಿವೃತ್ತರಾದವರ ಸ್ಥಾನ ವರ್ಷಗಟ್ಟಲೆ ತುಂಬುವುದಿಲ್ಲವೆಂಬುದು ಅನುದಾನಿತ ಶಾಲೆಗಳ ಹಳೆಯ ದೂರು. ಮೊದಲು ಖಾಲಿ ಬೀಳುವುದು ಚಿತ್ರಕಲೆ, ಸಂಗೀತ, ಕೈಗೆಲಸಗಳ ಮೇಷ್ಟರ ಕುರ್ಚಿಗಳೇ. ಆ ಪೀರಿಯಡ್ಡು ಬಂದಾಗ ಮಕ್ಕಳನ್ನು ಬಯಲಿಗೆ ಬಿಡುತ್ತಾರೆ, ಇಲ್ಲವೇ ಗಣಿತದ ಮೇಷ್ಟರು ಬರುತ್ತಾರೆ.