ಕಲ್ಲು ಹೊತ್ತವರ ಹಾಡು

ಲಕ್ಕುಂಡಿಗೆ ಶಾಲಾ ಪ್ರವಾಸ ಬರುವ ಮಕ್ಕಳು ಕಾಶಿವಿಶ್ವೇಶ್ವರ ಗುಡಿಯ ಕೆತ್ತನೆ ನೋಡಿ ಬೆರಗಾಗುತ್ತಾರೆ. ಬ್ರಹ್ಮ ಜಿನಾಲಯ ಕಟ್ಟಿಸಿದವರು ಯಾರೆಂದರೆ, ದಾನಚಿಂತಾಮಣಿ ಅತ್ತಿಮಬ್ಬೆ ಎಂದು ಥಟ್ಟನೆ ಹೇಳುತ್ತಾರೆ. ಅದರ ಕಲ್ಲು ಹೊತ್ತವರು ಯಾರು? ಈ ಪ್ರಶ್ನೆ ಪರೀಕ್ಷೆಗೆ ಬರುವುದಿಲ್ಲ. ಕಲ್ಲು ಹೊತ್ತವರನ್ನು ಕನ್ನಡದ ಹಾಡಿಗೆ ಕರೆತಂದವರಲ್ಲಿ ಕವಿ ಸಿದ್ಧಲಿಂಗಯ್ಯನವರು ಪ್ರಮುಖರು.

1954ರಲ್ಲಿ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ಅವರ ಮೊದಲ ಸಂಕಲನ ‘ಹೊಲೆಮಾದಿಗರ ಹಾಡು’ 1975ರಲ್ಲಿ ಪ್ರಕಟವಾಯಿತು. ಅದರಲ್ಲಿನ ‘ನನ್ನ ಜನಗಳು’ ನೋವಿನ ಒಂದು ಪಟ್ಟಿ. ಹೊಟ್ಟೆಗಿಲ್ಲದೆ ಪ್ರಾಣ ಬಿಟ್ಟವರು, ಕಲ್ಲಿನ ಭಾರಕ್ಕೆ ಬಳಲಿದವರು, ಊರಿಗೆಲ್ಲ ಬಟ್ಟೆ ನೇಯ್ದು ತಾವು ಬರಿಮೈಯಲ್ಲಿ ಉಳಿದವರು ಅಲ್ಲಿದ್ದಾರೆ. ಅದೇ ಸಂಕಲನದಲ್ಲಿ ಸಿಟ್ಟು ಬೈಗುಳವಾಗಿಯೂ ಸಿಡಿಯುತ್ತದೆ. ಆ ಮಾತು ಅನೇಕರಿಗೆ ಒರಟೆನಿಸಿತು. ಆದರೆ ಅದು ಕೇರಿಯಲ್ಲಿ ದಿನವೂ ಕೇಳುವ ಮಾತೇ ಆಗಿತ್ತು.

ನಾಲ್ಕು ವರ್ಷಗಳ ನಂತರ, 1979ರಲ್ಲಿ, ‘ಸಾವಿರಾರು ನದಿಗಳು’ ಬಂತು. ಇಲ್ಲಿಯೂ ಅದೇ ಜನ. ಆದರೆ ಕ್ರಿಯಾಪದಗಳು ಬದಲಾಗಿವೆ. ಮೊದಲ ಹಾಡಿನಲ್ಲಿ ಅವರು ಹೊರುತ್ತಾರೆ, ಬೀಳುತ್ತಾರೆ, ಸಾಯುತ್ತಾರೆ. ಎರಡನೆಯದರಲ್ಲಿ ಎದ್ದು ಬರುತ್ತಾರೆ, ಮಾತನಾಡುತ್ತಾರೆ, ನದಿಗಳಾಗಿ ಹರಿದು ಸಮುದ್ರ ಸೇರುತ್ತಾರೆ. ಅವರ ಮತ್ತೊಂದು ಹಾಡಂತೂ 1947ರ ಸ್ವಾತಂತ್ರ್ಯ ಯಾರ ಮನೆಗೆ ಬಂತೆಂದು ನೇರವಾಗಿಯೇ ಕೇಳುತ್ತದೆ.

ಸಿಟ್ಟು ಆರಿತೇ? ಇಲ್ಲ. ತೆರೆದ ಪಾತ್ರೆಯಿಂದ ಏಳುವ ಉಗಿ ಗಾಳಿಯಲ್ಲಿ ಕರಗಿಹೋಗುತ್ತದೆ. ಅದೇ ಉಗಿಯನ್ನು ಕೊಳವೆಯಲ್ಲಿ ಹಾಯಿಸಿದರೆ ರೈಲಿನ ಗಾಲಿ ತಿರುಗುತ್ತದೆ. ಕಾವು ಅದೇ, ದಾರಿ ಮಾತ್ರ ಬೇರೆ. ಆ ವರ್ಷಗಳಲ್ಲಿ ಬೆಳೆದ ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ, ತಮಟೆಯ ಸದ್ದಿನೊಡನೆ ಈ ಹಾಡುಗಳು ಊರೂರು ತಿರುಗಿದವು.

ಹಾಗೆಂದು ಮೊದಲಿನದು ಎಳಸು, ನಂತರದ್ದೇ ಮಾಗಿದ್ದು ಎಂದು ಅಂಕ ಹಾಕುವುದು ಸರಿಯಲ್ಲ. ನೋವಿನ ಪಟ್ಟಿ ಇಲ್ಲದಿದ್ದರೆ ಪ್ರಶ್ನೆಗೆ ಆಧಾರವೇ ಇರುತ್ತಿರಲಿಲ್ಲ. ಪ್ರಯೋಗದಲ್ಲಿಯೂ ಮೊದಲು ಕಂಡದ್ದನ್ನು ಬರೆಯಬೇಕು, ಆಮೇಲೆ ಕಾರಣ ಹುಡುಕಬೇಕು.

ಸಿದ್ಧಲಿಂಗಯ್ಯನವರು 2021ರಲ್ಲಿ ತೀರಿಕೊಂಡರು. ಅವರ ಹಾಡುಗಳನ್ನು ಮೆರವಣಿಗೆಗಳಲ್ಲಿ ಇಂದಿಗೂ ಹಾಡುತ್ತಾರೆ. ಮಗು ಗುಡಿಯ ಕಂಬವನ್ನು ಮುಟ್ಟಿ ‘ಇದನ್ನು ಹೊತ್ತವರು ಯಾರು?’ ಎಂದು ಕೇಳಿದರೆ, ತಂದೆತಾಯಿಯರು ‘ಸುಮ್ಮನೆ ನಡೆ’ ಎನ್ನದಿರಲಿ. ಪಠ್ಯದಲ್ಲಿಲ್ಲದ ಆ ಪಾಠ ಅಲ್ಲಿಂದಲೇ ಶುರುವಾಗುತ್ತದೆ.