ಕ್ಯಾಮೆರಾ ಆಮೇಲೆ, ಮೊದಲು ಮೈಕ್ ತಗೊಳ್ಳಿ



ಹೋದ ಆಷಾಢದಲ್ಲಿ ನಾವೊಂದು ದೊಡ್ಡ ತಪ್ಪು ಮಾಡಿದ್ವಿ. ರಾಯದುರ್ಗ ತಾಲೂಕಿನಲ್ಲಿ ಹಗರಿ ದಂಡೆಯ ಒಂದು ಊರು. ಎಂಬತ್ತು ದಾಟಿದ ಒಬ್ಬ ಅವ್ವನ ಹತ್ರ ಬೀಸೋಕಲ್ಲಿನ ಪದ ಹಾಡಿಸಿದ್ವಿ. ಮನೆ ಮುಂದಿನ ಕಟ್ಟೆ, ಸಂಜೆ ಬಿಸಿಲು, ಹಿಂದೆ ಬೇವಿನ ಮರ. ಫ್ರೇಮ್ ಅಂದ್ರೆ ಫ್ರೇಮ್! ಫೋನನ್ನ ಸ್ಟ್ಯಾಂಡಿಗೆ ಹಾಕಿ ಎಂಟು ಅಡಿ ದೂರದಲ್ಲಿ ನಿಲ್ಲಿಸಿದ್ವಿ. ನಲವತ್ತು ನಿಮಿಷ ಹಾಡಿದ್ರು. ರಾತ್ರಿ ಹಚ್ಚಿ ನೋಡಿದ್ರೆ ಬರೀ ಗಾಳಿ. ಅವ್ವನ ಬಾಯಿ ಆಡ್ತಿದೆ, ಪದ ಮಾತ್ರ ಕೇಳಿಸ್ತಿಲ್ಲ.

ಕಾರ್ತಿಕದಲ್ಲಿ ಮತ್ತೆ ಹೋದ್ವಿ. ಅಷ್ಟೊತ್ತಿಗೆ ಉಬ್ಬಸ ಜಾಸ್ತಿಯಾಗಿತ್ತು. "ಅವತ್ತೇ ಹಾಡಿದ್ನೆಲ್ಲಪ್ಪಾ, ಮತ್ತ್ಯಾಕ?" ಅಂದ್ರು. ನಮ್ಮ ಮುಖ ನೋಡಿ ನಾಲ್ಕು ಸಾಲು ಹಾಡಿ ನಿಲ್ಲಿಸಿದ್ರು. ನಮ್ಮ ಹತ್ರ ಈಗಿರೋದು ಆ ನಾಲ್ಕೇ ಸಾಲು.

1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆಯ್ತು. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ಆಂಧ್ರಕ್ಕೆ ಹೋಯ್ತು. ಅವತ್ತು ಹತ್ತು ವರ್ಷದವರಾಗಿದ್ದೋರಿಗೆ ಇವತ್ತು ಎಂಬತ್ತು ದಾಟಿದೆ. ಅದನ್ನ ಕಣ್ಣಾರೆ ಕಂಡೋರ ಬಾಯಿಂದ ಕೇಳೋಕೆ ನಮಗಿರೋದು ಇನ್ನು ಕೆಲವೇ ವರ್ಷ. ನಮ್ಮ ಹುಡುಗರ ವಿಡಿಯೋ ನೋಡಿದ್ರೆ ಡ್ರೋನ್ ಶಾಟ್ ಇದೆ, ಸ್ಲೋ ಮೋಷನ್ ಇದೆ, ಸಿನಿಮಾ ಮ್ಯೂಸಿಕ್ ಇದೆ. ತಾತ ಏನಂದ್ರು ಅನ್ನೋದು ಮಾತ್ರ ಕೇಳಿಸಲ್ಲ. ಕೇಳಿಸಲ್ಲ ಅಂತ ಅದರ ಮೇಲೆ ಟಿವಿ ಕನ್ನಡದಲ್ಲಿ ವಾಯ್ಸ್ ಓವರ್ ಬೇರೆ. ನಮ್ಮ ಕಡೆಯ ಮಾತು ರಾಯದುರ್ಗದಲ್ಲಿ ಬಳ್ಳಾರಿ ಕಡೆ ವಾಲುತ್ತೆ, ಮಡಕಶಿರಾದಲ್ಲಿ ಶಿರಾ-ಪಾವಗಡದ ಕಡೆ, ಮಧ್ಯದಲ್ಲಿ ತೆಲುಗು ಸಲೀಸಾಗಿ ಬಂದುಹೋಗುತ್ತೆ. ಆ ಮಾತನ್ನ ನಾವೇ ಅಳಿಸಿ ಹಾಕಿದ್ರೆ ಇನ್ಯಾರನ್ನ ಬೈಯ್ಯೋದು? ಗ್ರಿಯರ್ಸನ್ ಅವರ ಭಾಷಾ ಸಮೀಕ್ಷೆಗಾಗಿ ನೂರು ವರ್ಷದ ಹಿಂದೆಯೇ ಈ ದೇಶದ ಹಲವು ಭಾಷೆಗಳ ದನಿಯನ್ನ ಗ್ರಾಮಫೋನ್ ತಟ್ಟೆಗೆ ಹಿಡಿದಿದ್ರು. ಅದರಲ್ಲಿ ಚಿತ್ರ ಇಲ್ಲ, ಆದ್ರೂ ಇವತ್ತಿಗೂ ಕೆಲಸಕ್ಕೆ ಬರ್ತಿದೆ.

ಹಂಗಾಗಿ ದುಡ್ಡಿದ್ರೆ ಮೊದಲು ಮೈಕ್ ತಗೊಳ್ಳಿ. ಲೆಕ್ಕ ಸರಳ. ಬಯಲಲ್ಲಿ ಬಾಯಿಗೂ ಮೈಕಿಗೂ ದೂರ ಎರಡರಷ್ಟಾದಾಗಲೆಲ್ಲ ದನಿ 6 ಡೆಸಿಬಲ್ ಇಳಿಯುತ್ತೆ. ಅರ್ಧ ಅಡಿಯಿಂದ ಎಂಟು ಅಡಿಗೆ ಹೋದ್ರೆ 24 ಡೆಸಿಬಲ್ ಹೋಯ್ತು. ಗಾಳಿ, ಬೋರ್ ಮೋಟರು, ಟ್ರ್ಯಾಕ್ಟರು ಮಾತ್ರ ಇದ್ದಷ್ಟೇ ಇರುತ್ತೆ. ಎಷ್ಟು ದುಬಾರಿ ಫೋನ್ ತಂದ್ರೂ ಇದು ಬದಲಾಗಲ್ಲ. ಕ್ಯಾಮೆರಾ ಮೇಲೆ ಕೂರೋ ಉದ್ದನೆ ಶಾಟ್‌ಗನ್ ಮೈಕ್ ನೋಡೋಕೆ ಜೋರಾಗಿರುತ್ತೆ, ಆದ್ರೆ ಎಂಟು ಅಡಿ ದೂರ ಇದ್ರೆ ಅದಕ್ಕೂ ಎಂಟು ಅಡಿಯೇ. ತಗಡಿನ ಸೂರಿನ ಶಾಲೆ ಕೋಣೆ, ಹೇಮಾವತಿಯಂಥ ಕಲ್ಲಿನ ಗುಡಿ, ಇಂಥ ಕಡೆ ಮಾರ್ದನಿ ಸೇರ್ಕೊಂಡು ಇನ್ನೂ ಕಷ್ಟ.

ನಮ್ಮ ಕೆಲಸಕ್ಕೆ ಕಾಲರ್ ಮೈಕ್ ಸಾಕು. ಬೋಯಾ ಬಿವೈ-ಎಂ1 ಥರದ ವೈರ್ ಮೈಕ್ ಸಾವಿರ ರೂಪಾಯಿ ಒಳಗೇ ಸಿಗುತ್ತೆ, ವೈರು 6 ಮೀಟರ್ ಉದ್ದ. ಫೋನಿಗೆ ಹಾಕುವಾಗ ಅದರ ಸ್ವಿಚ್ಚು ಸ್ಮಾರ್ಟ್‌ಫೋನ್ ಕಡೆ ಇರಬೇಕು. ಕ್ಯಾಮೆರಾಗೆ ಹಾಕಿದ್ರೆ ಸ್ವಿಚ್ಚು ಆ ಕಡೆ, ಒಳಗೆ ಬಟನ್ ಸೆಲ್ಲೂ ಬೇಕು. ಕೆಲವು ಫೋನುಗಳ ಕ್ಯಾಮೆರಾ ಆ್ಯಪ್ ಹೊರಗಿನ ಮೈಕನ್ನ ತಗೊಳ್ಳೋದೇ ಇಲ್ಲ, ಆಗ ಓಪನ್ ಕ್ಯಾಮೆರಾ ಆ್ಯಪ್ ಹಾಕ್ಕೊಂಡು ಆಡಿಯೋ ಸೋರ್ಸ್‌ನಲ್ಲಿ ಹೊರಗಿನ ಮೈಕ್ ಆರಿಸ್ಕೊಳ್ಳಿ. ವೈರ್‌ಲೆಸ್ ಆದ್ರೆ ನಡೆದಾಡೋಕೆ ಅನುಕೂಲ, ಚಾರ್ಜ್ ನೋಡ್ಕೋಬೇಕು ಅಷ್ಟೇ. ಅದರಲ್ಲಿರೋ ನಾಯ್ಸ್ ಕ್ಯಾನ್ಸಲ್ ಬಟನ್ನನ್ನ ಹಾಡು, ತಮಟೆ, ಭಜನೆ ಹಿಡಿಯುವಾಗ ಖಂಡಿತ ಆಫ್ ಮಾಡಿ. ಅದು ಹಾಡನ್ನೂ ಗಲಾಟೆ ಅಂತಲೇ ತಿಳ್ಕೊಂಡು ನುಂಗಿಬಿಡುತ್ತೆ.

ಏನೂ ಕೊಳ್ಳೋಕೆ ಆಗಲ್ವಾ? ಇನ್ನೊಂದು ಫೋನಲ್ಲಿ ರೆಕಾರ್ಡರ್ ಆನ್ ಮಾಡಿ, ಏರೋಪ್ಲೇನ್ ಮೋಡ್‌ಗೆ ಹಾಕಿ, ತಾತನ ಅಂಗಿ ಜೇಬಲ್ಲಿ ಅದರ ಮೈಕ್ ತೂತು ಮೇಲೆ ಬರೋ ಹಾಗೆ ಇಡಿ. ಎರಡೂ ಫೋನ್ ಓಡ್ತಿರುವಾಗ ಒಂದು ಸಲ ಜೋರಾಗಿ ಚಪ್ಪಾಳೆ ಹೊಡೀರಿ. ಎಡಿಟಿಂಗ್‌ನಲ್ಲಿ ಆ ಚಪ್ಪಾಳೆಗೆ ಚಪ್ಪಾಳೆ ಕೂಡಿಸಿದ್ರೆ ಮುಗೀತು.

ಮೈಕ್ ಸಿಕ್ಕಿಸೋದನ್ನ ಮಾತ್ರ ಹಗುರಾಗಿ ತಗೋಬೇಡಿ. ಬಾಯಿಂದ ಒಂದು ಗೇಣು ಕೆಳಗೆ, ಎದೆ ಮೇಲೆ ಇರಬೇಕು. ಅವ್ವಂದಿರಿಗೆ ಗಂಡುಹುಡುಗರು ಹೋಗಿ ಸಿಕ್ಕಿಸೋಕೆ ಹೋಗಬೇಡಿ, ಮೊಮ್ಮಗಳ ಕೈಗೋ ಸೊಸೆ ಕೈಗೋ ಕೊಡಿ, ಸೆರಗಿಗೆ ಹಾಕ್ತಾರೆ. ತಾಳಿ ಸರ, ಮಣಿ ಸರ ಮೈಕಿಗೆ ತಾಗಿದ್ರೆ ಚರಚರ ಅಂತ ಪೂರಾ ಹಾಳು. ಹೊಸ ರೇಷ್ಮೆ ಸೀರೆಯೂ ಸದ್ದು ಮಾಡುತ್ತೆ, ಆದ್ರೆ ವಿಡಿಯೋ ಅಂದ್ರೆ ಅವರು ಉಡೋದು ಅದನ್ನೇ! ಬೇಡ ಅನ್ನಬೇಡಿ, ಮೈಕನ್ನ ಸ್ವಲ್ಪ ಸರಿಸಿ. ಮಾತು ಮುಗಿದ ಕೂಡಲೇ ಮೈಕ್ ತೆಗೀರಿ. ಆಮೇಲೆ ಅವರು ಮನೆ ವಿಷಯ, ಸೊಸೆ ವಿಷಯ ಶುರು ಮಾಡ್ತಾರೆ, ಅದು ನಮಗೆ ಸೇರಿದ್ದಲ್ಲ.

ಗಾಳಿಗೆ ಮೈಕ್ ಜೊತೆ ಬರೋ ಸ್ಪಂಜು ಸಾಲದು, ಆಷಾಢದಲ್ಲಂತೂ ಇಲ್ಲವೇ ಇಲ್ಲ. ಕೂದಲು ಕೂದಲಾಗಿರೋ ಟೋಪಿ ಸಿಗುತ್ತೆ, ಡೆಡ್‌ಕ್ಯಾಟ್ ಅಂತಾರೆ, ಅದನ್ನ ಹಾಕಿ. ಮಾತಾಡೋರ ಬೆನ್ನು ಗಾಳಿಗಿರಲಿ, ಇಲ್ಲಾಂದ್ರೆ ಗೋಡೆ ಮರೆಗೆ ಬನ್ನಿ. ಬೇವಿನ ಮರ ಬಿಟ್ಟು ಒಳಮನೆಗೆ ಹೋಗಿದ್ರೆ ನಮಗೆ ಆ ಪದ ಪೂರ್ತಿ ಸಿಗ್ತಿತ್ತು. ರಾಯದುರ್ಗದಲ್ಲಿ ಜೀನ್ಸ್ ಹೊಲಿಯೋರ ಜೊತೆ ಮಾತಾಡ್ತೀರಾ? ಮಿಷನ್ ಸದ್ದನ್ನ ಒಂದು ನಿಮಿಷ ಬೇರೆಯಾಗಿ ಹಿಡ್ಕೊಳ್ಳಿ, ಮಾತನ್ನ ಊಟದ ಹೊತ್ತಲ್ಲಿ ಹಿಡೀರಿ.

ಎಲ್ಲಕ್ಕಿಂತ ಮೊದಲು ಇಪ್ಪತ್ತು ಸೆಕೆಂಡು ರೆಕಾರ್ಡ್ ಮಾಡಿ, ಇಯರ್‌ಫೋನ್ ಹಾಕ್ಕೊಂಡು ಕೇಳಿ. "ಏನು ಊಟ ಮಾಡಿದ್ರಿ ಅವ್ವಾ" ಅಂತ ಕೇಳಿದ್ರೆ ಸಾಕು, ಅಷ್ಟು ಹೇಳ್ತಾರೆ. ಲೆವೆಲ್ ಕಾಣೋ ಆ್ಯಪ್ ಆದ್ರೆ ಜೋರು ಮಾತು ಮೈನಸ್ 12ರ ಹತ್ರ ಇರಲಿ, ಸೊನ್ನೆ ಮುಟ್ಟಿದ್ರೆ ಒಡೆದ ದನಿ, ಆಮೇಲೆ ಅದನ್ನ ಸರಿ ಮಾಡೋಕಾಗಲ್ಲ. ಕೆಲಸ ಮುಗಿದ್ಮೇಲೆ ಒರಿಜಿನಲ್ ಫೈಲನ್ನ ಹಂಗೇ ಇಟ್ಕೊಳ್ಳಿ. ವಾಟ್ಸಾಪಲ್ಲಿ ವಿಡಿಯೋ ಆಗಿ ಕಳಿಸಿ ಡಿಲೀಟ್ ಮಾಡಬೇಡಿ, ಅದು ಕುಗ್ಗಿಸಿಬಿಡುತ್ತೆ. ಕಳಿಸಲೇಬೇಕಂದ್ರೆ ಡಾಕ್ಯುಮೆಂಟ್ ಆಗಿ ಕಳಿಸಿ.

ನಮ್ಮ ಹತ್ರ ಈಗ ಎರಡು ಕಾಲರ್ ಮೈಕ್, ಒಂದು ಕೂದಲು ಟೋಪಿ ಇದೆ. ಒಂದು ರಾಯದುರ್ಗದಲ್ಲಿ, ಇನ್ನೊಂದು ಮಡಕಶಿರಾದಲ್ಲಿ. ಬೇಕಾದೋರು ಪೇಜಿಗೆ ಮೆಸೇಜ್ ಹಾಕಿ, ಸರದಿ ಮೇಲೆ ಮೂರು ಮೂರು ದಿನಕ್ಕೆ ಕೊಡ್ತೀವಿ. ಯಾರನ್ನ ಮಾತಾಡಿಸ್ತೀರಿ, ಅವರಿಗೆ ಎಷ್ಟು ವಯಸ್ಸು ಅಂತಲೂ ಬರೀರಿ. ವಯಸ್ಸು ಜಾಸ್ತಿ ಇದ್ದೋರಿಗೆ ಸರದಿ ಮೊದಲು.